ಸ್ವಭಾವ ಎರಡು, ನೆಲೆ ಒಂದು

ಅವನು ಮಾತಿನ ಮಲ್ಲ, ಅವಳು ಮಿತಭಾಷಿ. ಅವನದು ದುಡುಕು, ಅವಳದು ತಾಳ್ಮೆ. ಮೊದಮೊದಲು ಒಬ್ಬರು ಏತಿ ಎಂದರೆ ಇನ್ನೊಬ್ಬರು ಪ್ರೇತಿ ಎನ್ನುತ್ತಾರೆ. ಆಮೇಲೆ ಕಾಲೇಜಿನ ವಾಚನಾಲಯದಲ್ಲೋ, ಕಚೇರಿಯಲ್ಲೋ, ನೆರೆಮನೆಯ ಕಟ್ಟೆಯ ಮೇಲೋ ಪರಿಚಯ ಬೆಳೆದು ಸ್ನೇಹವಾಗುತ್ತದೆ. ಆ ಸ್ನೇಹ ಯಾವ ದಿನ ಒಲವಾಯಿತೆಂಬುದು ಅವರಿಬ್ಬರಿಗೂ ತಿಳಿಯುವುದಿಲ್ಲ. ಓದುಗರಿಗೆ ಮಾತ್ರ ಅದು ಹತ್ತು ಕಂತು ಮೊದಲೇ ಗೊತ್ತಿರುತ್ತದೆ!

ವಾರಪತ್ರಿಕೆಗಳ ಧಾರಾವಾಹಿಗಳ ಕಾಲದಿಂದ ಇಂದಿನ ಕಿರುತೆರೆಯವರೆಗೆ ಈ ಬಗೆಯ ಕಥೆಗೆ ಬೇಡಿಕೆ ಕುಂದಿಲ್ಲ. ಇದರಲ್ಲೊಂದು ವಿಚಿತ್ರವೂ ಇದೆ. ಕಥೆಯಲ್ಲಿ ಎಣ್ಣೆ–ಸೀಗೆಕಾಯಿಯಂಥ ಜೋಡಿಯನ್ನು ಮೆಚ್ಚುವ ಮನೆಗಳಲ್ಲೇ ಮಗಳಿಗೆ ಗಂಡು ನೋಡುವಾಗ ಹುಡುಕುವುದು ‘ಸರಿಸಮಾನ ಸಂಬಂಧ’ವನ್ನು. ಜಾತಿ ಸರಿಯಾಗಬೇಕು, ಅಂತಸ್ತು ಸರಿಯಾಗಬೇಕು, ಜಾತಕ ಕೂಡಬೇಕು. ಬದುಕಿನಲ್ಲಿ ಸಾಮ್ಯವನ್ನು ಬಯಸುವವರು ಕಥೆಯಲ್ಲಿ ಭಿನ್ನತೆಯನ್ನು ಏಕೆ ಬಯಸುತ್ತಾರೆ? ಎರಡು ಭಿನ್ನ ಸ್ವಭಾವಗಳು ಗೆಳೆತನದ ದಾರಿಯಲ್ಲಿ ನಡೆದು ಒಲವನ್ನು ತಲುಪುವ ಕಥೆಯಲ್ಲಿ ಅಂಥ ಆಕರ್ಷಣೆ ಏನಿದೆ?

ಈ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ಬಹು ಹಳೆಯ ಉತ್ತರವೊಂದು ಸಿಗುವುದು ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆಯಲ್ಲಿ. ಕನ್ನಡ, ಮರಾಠಿ, ಉರ್ದು, ತೆಲುಗುಗಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ನೆಲದಲ್ಲಿ ಭಿನ್ನರಾದವರು ಪಕ್ಕಪಕ್ಕದಲ್ಲಿ ಬಾಳುವುದು ಹೊಸ ಸಂಗತಿಯೇನಲ್ಲ. ಆದರೆ ಇಬ್ಬರು ಭಿನ್ನ ವ್ಯಕ್ತಿಗಳು ಒಂದೇ ಸೂರಿನ ಕೆಳಗೆ ಸಮಾನರಾಗಿ ವಾದಿಸಿ, ತಿದ್ದಿ, ಪ್ರೀತಿಸಿ ಬಾಳಿದ ಕಥೆಗಳು ಇಲ್ಲಿ ಹುಟ್ಟಿ ಎಂಟು ಶತಮಾನಗಳು ಕಳೆದಿವೆ.

ಕೇಳಿ ಹುಟ್ಟಿದ ಪ್ರೀತಿ

ಅದಕ್ಕಿಂತ ಮೊದಲು ಕಲ್ಯಾಣದ ಅರಮನೆಯ ಪ್ರೇಮ ಹೇಗಿತ್ತೆಂಬುದನ್ನು ನೋಡಬೇಕು. 11ನೇ ಶತಮಾನದ ಮಧ್ಯಭಾಗದಲ್ಲಿ ಒಂದನೇ ಸೋಮೇಶ್ವರನ ಕಾಲದಿಂದ ಕಲ್ಯಾಣವು ಚಾಲುಕ್ಯರ ರಾಜಧಾನಿಯಾಯಿತು. 1076ರಿಂದ 1126ರವರೆಗೆ ಆಳಿದ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಅದರ ಕೀರ್ತಿ ದೂರದ ನಾಡುಗಳಿಗೂ ಹಬ್ಬಿತ್ತು. ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರ ಇದ್ದದ್ದು ಇಲ್ಲಿಯೇ. ಕಾಶ್ಮೀರದಿಂದ ಹೊರಟು ಉತ್ತರ ಭಾರತದ ಆಸ್ಥಾನಗಳನ್ನು ಸುತ್ತಿದ ಬಿಲ್ಹಣ ಕವಿ ಕೊನೆಗೆ ನೆಲೆ ಕಂಡದ್ದೂ ಇಲ್ಲಿಯೇ. ಅವನು ತನ್ನ ಒಡೆಯನನ್ನು ಕುರಿತು ಬರೆದ ‘ವಿಕ್ರಮಾಂಕದೇವಚರಿತ’ ಎಂಬ 18 ಸರ್ಗಗಳ ಸಂಸ್ಕೃತ ಕಾವ್ಯದಲ್ಲಿ ಕರಹಾಟದ, ಅಂದರೆ ಇಂದಿನ ಮಹಾರಾಷ್ಟ್ರದ ಕರಾಡದ, ಶಿಲಾಹಾರ ರಾಜಕುಮಾರಿ ಚಂದಲದೇವಿಯ ಸ್ವಯಂವರದ ವರ್ಣನೆಯಿದೆ.

ಆ ಕಾವ್ಯದಲ್ಲಿ ಪ್ರೇಮ ಹುಟ್ಟುವುದು ಮಾತುಕತೆಯಿಂದಲ್ಲ. ರಾಜಕುಮಾರಿಯ ಚೆಲುವಿನ ವರ್ಣನೆಯನ್ನು ಕೇಳಿಯೇ ರಾಜ ಮರುಳಾಗುತ್ತಾನೆ. ಅತ್ತ ಅವಳೂ ಅವನ ಕೀರ್ತಿಯನ್ನು ಕೇಳಿಯೇ ಮನಸೋತಿರುತ್ತಾಳೆ. ಸ್ವಯಂವರದ ಸಭೆಯಲ್ಲಿ ನೆರೆದ ಅರಸರನ್ನೆಲ್ಲ ಬಿಟ್ಟು ವಿಕ್ರಮನ ಕೊರಳಿಗೆ ಮಾಲೆ ಬೀಳುತ್ತದೆ. ಇಬ್ಬರೂ ಸುಂದರರು, ಇಬ್ಬರೂ ಕುಲೀನರು, ಇಬ್ಬರೂ ಗುಣವಂತರು. ಕೂಡುವುದಕ್ಕೆ ಇಬ್ಬರೊಳಗೂ ಅಡ್ಡಿಯಿಲ್ಲ. ಆದ್ದರಿಂದ ಇಬ್ಬರೂ ಬದಲಾಗಬೇಕಾದ ಅಗತ್ಯವೂ ಇಲ್ಲ. ಓದುವವರಿಗೆ ಅದು ವೈಭವದ ನೋಟವಾಗಿ ಕಾಣುತ್ತದೆಯೇ ಹೊರತು ತಮ್ಮ ಮನೆಯ ಕಥೆಯಾಗಿ ಅಲ್ಲ.

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿರುವ ಚಾಲುಕ್ಯ ದೇವಾಲಯದ ಹೊರಗೋಡೆಯಲ್ಲಿ ಇದೇ ಕಾಲದ ಹೆಣ್ಣೊಬ್ಬಳ ಶಿಲ್ಪವಿದೆ. ಬಳುಕಿ ನಿಂತ ಆ ಸುಂದರಿ ಕೈಯಲ್ಲಿ ಕಂಟ ಹಿಡಿದು ಶಾಸನ ಬರೆಯುತ್ತಿದ್ದಾಳೆ. ನೋಡಲು ಬಂದವರೆಲ್ಲ ಅವಳ ಭಂಗಿಗೆ ಬೆರಗಾಗುತ್ತಾರೆ. ಆದರೆ ಅವಳು ಬರೆಯುತ್ತಿರುವುದು ವಿಕ್ರಮಾದಿತ್ಯನ ಪ್ರಶಂಸೆಯನ್ನು. ಬರೆಯುವ ಕೈ ಹೆಣ್ಣಿನದಾದರೂ ಮಾತು ಅರಮನೆಯದು. ಇದೇ ಸೀಮೆಯಲ್ಲಿ ಹೆಣ್ಣು ತನ್ನ ಮಾತನ್ನೇ ಆಡಲು ಇನ್ನೂ ಅರ್ಧ ಶತಮಾನ ಹಿಡಿಯಿತು.

ಪರದೆಯ ಆಚೆ–ಈಚೆ

ಬಿಲ್ಹಣನ ಹೆಸರಿಗೆ ಅಂಟಿಕೊಂಡ ದಂತಕಥೆಯೊಂದು ಮಾತ್ರ ಬೇರೆ ದಾರಿ ಹಿಡಿಯುತ್ತದೆ. ರಾಜನೊಬ್ಬ ತನ್ನ ಮಗಳಿಗೆ ಪಾಠ ಹೇಳಲು ಕವಿಯನ್ನು ನೇಮಿಸುತ್ತಾನೆ. ಪ್ರೇಮ ಹುಟ್ಟೀತೆಂಬ ಭಯ ಅವನಿಗೆ. ಆದ್ದರಿಂದ ಗುರು ಕುರುಡನೆಂದು ಮಗಳಿಗೂ, ಶಿಷ್ಯೆ ಕುಷ್ಠರೋಗಿಯೆಂದು ಕವಿಗೂ ಹೇಳಿ ನಡುವೆ ಪರದೆ ಕಟ್ಟಿಸುತ್ತಾನೆ. ದಿನವೂ ಪಾಠ ನಡೆಯುತ್ತದೆ. ಒಂದು ರಾತ್ರಿ ಗುರು ಹುಣ್ಣಿಮೆಯ ಚಂದ್ರನನ್ನು ವರ್ಣಿಸತೊಡಗಿದಾಗ, ಕುರುಡನಿಗೆ ಚಂದ್ರ ಕಂಡದ್ದು ಹೇಗೆಂದು ಶಿಷ್ಯೆಗೆ ಅನುಮಾನ ಬರುತ್ತದೆ. ಪರದೆ ಸರಿಯುತ್ತದೆ, ರಾಜನ ಉಪಾಯ ಕೆಡುತ್ತದೆ.

ಇದು ಕವಿಯ ಬದುಕಿನಲ್ಲಿ ನಡೆದ ಘಟನೆಯೆಂದು ವಿದ್ವಾಂಸರು ಒಪ್ಪುವುದಿಲ್ಲ. ಕಥೆ ನಡೆಯುವುದೂ ಕಲ್ಯಾಣದಲ್ಲಲ್ಲ. ಆದರೆ ಜನ ಈ ಕಥೆಯನ್ನು ಶತಮಾನಗಳ ಕಾಲ ಹೇಳಿಕೊಂಡು ಬಂದದ್ದಕ್ಕೆ ಕಾರಣವಿದೆ. ಸ್ವಯಂವರದ ಪ್ರೇಮಕ್ಕಿಂತ ಇದು ನಂಬಲು ಸುಲಭ. ಮುಖ ಕಾಣದಿದ್ದರೂ ಮಾತು ಬೆಳೆಯಿತು, ಮಾತಿನಿಂದ ಸಲುಗೆ ಬೆಳೆಯಿತು, ಸಲುಗೆಯಿಂದ ಒಲವು ಬೆಳೆಯಿತು. ರಾಜ ಪರದೆ ಕಟ್ಟಿದ್ದು ಕಣ್ಣಿಗೆ. ಕಿವಿಗೆ ಕಟ್ಟಲು ಮರೆತ.

ಹೆಚ್ಚಾದ ಅಕ್ಕಿ

12ನೇ ಶತಮಾನದ ನಡುವಿನಲ್ಲಿ ಕಲ್ಯಾಣದ ಗದ್ದುಗೆ ಕಳಚುರಿ ಬಿಜ್ಜಳನ ಕೈಸೇರಿತು. ಬಸವಣ್ಣನವರು ಅವನ ಭಂಡಾರಿಯಾಗಿದ್ದ ಆ ದಿನಗಳಲ್ಲಿ ನಾಡಿನ ನಾನಾ ಮೂಲೆಗಳಿಂದ ಕಸುಬುದಾರರು ಕಲ್ಯಾಣಕ್ಕೆ ಬಂದರು. ಹಡಪದವರು, ಅಂಬಿಗರು, ಮಡಿವಾಳರು, ಚಮ್ಮಾರರು, ನೂಲುವವರು ಒಂದೆಡೆ ಕೂತು ಮಾತನಾಡಿದರು. ಮೂವತ್ತಕ್ಕೂ ಹೆಚ್ಚು ಮಹಿಳೆಯರ ವಚನಗಳು ಇಂದು ನಮಗೆ ದೊರೆತಿವೆ. ಅವರಲ್ಲಿ ಹಲವರ ಗಂಡಂದಿರೂ ವಚನಕಾರರೇ. ಹಡಪದ ಅಪ್ಪಣ್ಣ ಮತ್ತು ಲಿಂಗಮ್ಮ, ಉರಿಲಿಂಗಪೆದ್ದಿ ಮತ್ತು ಕಾಳವ್ವೆ, ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ, ಮೋಳಿಗೆಯ ಮಾರಯ್ಯ ಮತ್ತು ಮಹಾದೇವಿ. ಗಂಡನೂ ಹೆಂಡತಿಯೂ ಬೇರೆಬೇರೆಯಾಗಿ ತಮ್ಮ ಅನಿಸಿಕೆಯನ್ನು ಹೇಳಿ, ಎರಡೂ ಉಳಿದುಬಂದ ಉದಾಹರಣೆಗಳು ಆ ಕಾಲದ ಬೇರೆ ಸಾಹಿತ್ಯಗಳಲ್ಲಿ ಹೀಗೆ ಗುಂಪಾಗಿ ಸಿಗುವುದು ಅಪರೂಪ.

ಆಯ್ದಕ್ಕಿ ಮಾರಯ್ಯ ದಂಪತಿ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರೆಂದು ಪರಂಪರೆ ಹೇಳುತ್ತದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಡಿಗೆ ಮಾಡಿ ದಾಸೋಹ ನಡೆಸುವುದು ಲಕ್ಕಮ್ಮನ ಪಾಲು. ಇಬ್ಬರ ಸ್ವಭಾವ ಮಾತ್ರ ಒಂದಲ್ಲ. ಮಾರಯ್ಯ ಮೈಮರೆಯುವ ಮನುಷ್ಯ. ಶರಣರ ನಡುವೆ ಚರ್ಚೆಗೆ ಕೂತರೆ ಹೊತ್ತು ಹೋದದ್ದು ತಿಳಿಯದು. ಲಕ್ಕಮ್ಮ ಎಚ್ಚರದ ಹೆಣ್ಣು. ಒಂದು ದಿನ ಅವನು ಮಾತಿನಲ್ಲಿ ಮುಳುಗಿ ಕೆಲಸ ಮರೆತಾಗ, ಕಾಯಕದ ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿದವಳು ಅವಳೇ.

ಮಾರಯ್ಯ ಗಡಿಬಿಡಿಯಿಂದ ಎದ್ದು ಹೋದ. ತಪ್ಪನ್ನು ಸರಿಪಡಿಸುವ ಉಮೇದಿನಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಕಟ್ಟಿಕೊಂಡು ಬಂದ. ಹೆಂಡತಿ ಮೆಚ್ಚಿಯಾಳೆಂದು ಅವನ ಎಣಿಕೆ ಇದ್ದಿರಬೇಕು. ಗಂಟು ಬಿಚ್ಚಿದ ಲಕ್ಕಮ್ಮ, ದಿನದ ಅಳತೆಗಿಂತ ಇದು ಹೆಚ್ಚಾಯಿತಲ್ಲ, ಬಡವರಾದ ನಮಗೆ ಈ ಆಸೆ ಏಕೆ ಎಂದು ಕೇಳಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಮಾರಯ್ಯ ಮುನಿಸಿಕೊಳ್ಳಲಿಲ್ಲ. ಹಾಗೆಯೇ ಮಾಡಿದ. ಬೊಗಸೆಯಷ್ಟು ಅಕ್ಕಿಯ ಮೇಲೆ ನಡೆದ ಈ ಮಾತುಕತೆಯನ್ನು 15ನೇ ಶತಮಾನದಲ್ಲಿ ಸಂಕಲನಗೊಂಡ ‘ಶೂನ್ಯಸಂಪಾದನೆ’ಯ ಪರಂಪರೆ ಒಂದು ಪ್ರತ್ಯೇಕ ಪ್ರಸಂಗವಾಗಿಯೇ ಕಾಪಾಡಿಕೊಂಡು ಬಂದಿದೆ.

ಲಕ್ಕಮ್ಮನ ವಚನಗಳು ದೊರೆತಿರುವುದು ಸುಮಾರು 25 ಮಾತ್ರ. ಅವಳ ಅಂಕಿತ ‘ಮಾರಯ್ಯಪ್ರಿಯ’ ಎಂಬ ಮಾತಿನಿಂದ ಆರಂಭವಾಗುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹೆಂಡತಿ ಗಂಡನ ಹೆಸರೆತ್ತುತ್ತಿರಲಿಲ್ಲ. ಮದುವೆ–ಸೀಮಂತಗಳಲ್ಲಿ ಗೆಳತಿಯರು ದುಂಬಾಲು ಬಿದ್ದಾಗ ಒಡಪಿನಲ್ಲಿ ಅಡಗಿಸಿ ಹೇಳುತ್ತಿದ್ದಳು. ಅದೇ ನಾಡಿನಲ್ಲಿ ಲಕ್ಕಮ್ಮ ತಾನು ಗಂಡನನ್ನು ತಿದ್ದುವ ವಚನದ ಕೊನೆಗೂ ಅವನ ಹೆಸರನ್ನೇ ಪ್ರೀತಿಯಿಂದ ಇಟ್ಟಳು. ಆಕ್ಷೇಪಣೆ ಮತ್ತು ಅಕ್ಕರೆ ಎರಡೂ ಒಂದೇ ಬಾಯಿಂದ, ಒಂದೇ ಉಸಿರಿಗೆ ಬಂದವು. ಗೆಳೆಯರ ನಡುವೆ ಮಾತ್ರ ಸಾಧ್ಯವಾಗುವ ಮಾತು ಇದು.

ಮೋಳಿಗೆಯವರ ಮನೆ

ಹುಮನಾಬಾದ್ ತಾಲ್ಲೂಕಿನ ಮೋಳಕೇರಾ ಇಂಥದೇ ಇನ್ನೊಂದು ಜೋಡಿಯ ನೆನಪನ್ನು ಉಳಿಸಿಕೊಂಡ ಊರು. ಮೋಳಿಗೆ ಎಂದರೆ ಸೌದೆಯ ಹೊರೆ. ಕಾಶ್ಮೀರದ ಅರಸನೊಬ್ಬ ಬಸವಣ್ಣನವರ ಕೀರ್ತಿಯನ್ನು ಕೇಳಿ, ರಾಜ್ಯ ತೊರೆದು, ಮಡದಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಸೌದೆ ಹೊತ್ತು ಮಾರಿ ಬದುಕಿದನೆಂಬುದು ಐತಿಹ್ಯ. ಅವನೇ ಮೋಳಿಗೆಯ ಮಾರಯ್ಯ, ಅವಳು ಮಹಾದೇವಿಯಮ್ಮ. ಮೋಳಕೇರಾದಲ್ಲಿ ಮಾರಯ್ಯನ ಗವಿಯೆಂದು ಜನ ಇಂದಿಗೂ ತೋರಿಸುತ್ತಾರೆ. ಅರಸೊತ್ತಿಗೆಯ ಕಥೆ ಎಷ್ಟರಮಟ್ಟಿಗೆ ಚರಿತ್ರೆಯೆಂಬ ಚರ್ಚೆ ಏನೇ ಇರಲಿ, ಇಬ್ಬರ ವಚನಗಳೂ ಉಳಿದಿವೆ. ಮಾರಯ್ಯನವು 800ಕ್ಕೂ ಹೆಚ್ಚು, ಮಹಾದೇವಿಯವು ಸುಮಾರು 70.

ಬಸವಣ್ಣನವರು ಒಮ್ಮೆ ಮಾರಯ್ಯ ಇಲ್ಲದ ಹೊತ್ತಿನಲ್ಲಿ ಈ ಮನೆಗೆ ಬಂದು, ಮಹಾದೇವಿ ನೀಡಿದ ಅಂಬಲಿಯನ್ನು ಸೇವಿಸಿ, ಬಡತನಕ್ಕೆ ಮರುಗಿ ಹೊನ್ನನ್ನು ಗುಟ್ಟಾಗಿ ಇಟ್ಟುಹೋದರಂತೆ. ಸೌದೆ ಮಾರಿ ಬಂದ ಮಾರಯ್ಯ ಆ ಹೊನ್ನನ್ನು ಒಲ್ಲದೆ ಜಂಗಮರಿಗೆ ಹಂಚಿಬಿಟ್ಟ. ಸ್ವಾಭಿಮಾನದಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಆದರೆ ಯಾವುದನ್ನು ಮಾಡಿದರೂ ಕೊನೆಯ ಅಂಚಿನವರೆಗೆ ಹೋಗುವ ಸ್ವಭಾವ ಅವನದು. ರಾಜ್ಯ ಬಿಟ್ಟವನಿಗೆ ಆಮೇಲೆ ಈ ಲೋಕವನ್ನೂ ಬಿಟ್ಟು ಶಿವನಲ್ಲಿ ಐಕ್ಯನಾಗುವ ತವಕ ಹುಟ್ಟಿತು.

ಆಗ ಅವನನ್ನು ತಡೆದು ನಿಲ್ಲಿಸಿದವಳು ಮಹಾದೇವಿ. ಸಂಪತ್ತನ್ನು ಬಿಟ್ಟು ಬಂದವರಿಗೆ ಈಗ ಮುಕ್ತಿಯ ಆಸೆ ಏಕೆ, ಇಲ್ಲಿ ಕಾಣದ್ದು ಇನ್ನೆಲ್ಲಿ ಕಂಡೀತು, ಅರಿತ ಮೇಲೆ ಹೋಗುವುದೆಲ್ಲಿಗೆ ಎಂಬುದು ಅವಳ ಪ್ರಶ್ನೆಗಳ ಸಾರ. ಅವನು ಎತ್ತರಕ್ಕೆ ನೋಡುವವನು, ಅವಳು ನೆಲದ ಮೇಲೆ ಕಾಲೂರಿ ನಿಂತವಳು. ಮಾರಯ್ಯ ಅವಳ ಮಾತಿಗೆ ತಲೆಬಾಗಿದ. ಕಾಡಿನಲ್ಲಿ ಕೊಡಲಿ ಬೀಸುವ ಗಂಡು ಒಲೆಯ ಮುಂದಿನ ಹೆಣ್ಣಿನಿಂದ ತತ್ತ್ವ ಕಲಿತದ್ದನ್ನು ‘ಶೂನ್ಯಸಂಪಾದನೆ’ಯ ಸಂಪಾದಕರು ಮುಚ್ಚಿಡಲಿಲ್ಲ, ಮೆರೆಸಿದರು.

ಎರಡೂ ಕಥೆಗಳಲ್ಲಿ ಸಮಾನವಾದ ಅಂಶವೊಂದಿದೆ. ಸ್ವಭಾವ ಬೇರೆಯಾದರೂ ಗಂಡ ಹೆಂಡತಿ ಒಪ್ಪಿ ನಿಂತ ನೆಲೆ ಒಂದೇ. ಅಕ್ಕಿ ಎಷ್ಟಿರಬೇಕೆಂಬುದರಲ್ಲಿ ಲಕ್ಕಮ್ಮನಿಗೂ ಮಾರಯ್ಯನಿಗೂ ಭೇದ ಬಂತೇ ಹೊರತು, ದುಡಿದು ಉಣ್ಣಬೇಕು, ಹಂಚಿ ಉಣ್ಣಬೇಕು ಎಂಬುದರಲ್ಲಿ ಅಲ್ಲ. ಜಗಳವಾಡಲು ಸ್ವಾತಂತ್ರ್ಯವಿತ್ತು, ಜಗಳದ ಆಚೆ ಕೂಡಲು ಒಂದು ನೆಲೆಯೂ ಇತ್ತು.

ಇನ್ನೊಂದು ಮಾತು. ಇವರು ಮೊದಲು ಗೆಳೆಯರಾಗಿ ಆಮೇಲೆ ಮದುವೆಯಾದವರಲ್ಲ. ಹಿರಿಯರು ಕೂಡಿಸಿದ ಮದುವೆಗಳೇ ರೂಢಿಯಾಗಿದ್ದ ಸಮಾಜದಲ್ಲಿ ಸ್ನೇಹದಿಂದ ಒಲವಿಗೆ ಸಾಗುವ ಪಯಣ ಆರಂಭವಾಗುತ್ತಿದ್ದುದೇ ಮದುವೆಯ ನಂತರ. ಸಪ್ತಪದಿಯಲ್ಲಿ ಏಳನೆಯ ಹೆಜ್ಜೆ ಗೆಳೆತನಕ್ಕೆ ಮೀಸಲಾಗಿರುವುದನ್ನು ಇಲ್ಲಿ ನೆನೆಯಬಹುದು. ಪರಿಚಯವೇ ಇಲ್ಲದ ಇಬ್ಬರು ಒಂದೇ ಮನೆಗೆ ಬಂದು, ಒಬ್ಬರ ಸ್ವಭಾವಕ್ಕೆ ಇನ್ನೊಬ್ಬರು ಬೆಚ್ಚಿ, ಮುನಿದು, ನಕ್ಕು, ಕೊನೆಗೆ ಬಿಟ್ಟಿರಲಾರದವರಾಗುವುದು ನಮ್ಮ ಅಜ್ಜ–ಅಜ್ಜಿಯರ ಕಥೆ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಹುಟ್ಟಿದ್ದು ಇಂಥ ಮನೆಗಳಲ್ಲಿ. ಕಾದಂಬರಿ ಓದುವ ಗೃಹಿಣಿಗೆ ಕಾಲೇಜಿನ ನಾಯಕ–ನಾಯಕಿಯರಲ್ಲಿ ತನ್ನ ಮನೆಯ ಅನುಭವವೇ ಕಾಣುವುದಿದ್ದರೆ ಆಶ್ಚರ್ಯವಿಲ್ಲ. ಅಲ್ಲಿ ತಾಳಿ ಕೊನೆಯ ಪುಟದಲ್ಲಿ, ಇಲ್ಲಿ ಮೊದಲ ಪುಟದಲ್ಲಿ, ವ್ಯತ್ಯಾಸ ಅಷ್ಟೇ.

ಕೌಶಿಕನ ಅರಮನೆ

ಹಾಗೆಂದು ಭಿನ್ನ ಸ್ವಭಾವದವರೆಲ್ಲ ಕೂಡಿ ಬಾಳಬಲ್ಲರೆಂದು ತಿಳಿಯಬೇಕಾಗಿಲ್ಲ. ಕಲ್ಯಾಣಕ್ಕೆ ನಡೆದುಬಂದ ಅಕ್ಕಮಹಾದೇವಿಯ ಕಥೆ ಅದಕ್ಕೆ ಸಾಕ್ಷಿ. ಇಂದಿನ ಶಿವಮೊಗ್ಗ ಜಿಲ್ಲೆಯ ಉಡುತಡಿಯ ಈ ತರುಣಿಯನ್ನು ಕೌಶಿಕನೆಂಬ ಅರಸ ಬಯಸಿದ. ಹರಿಹರ ಕವಿಯ ರಗಳೆಯ ಪ್ರಕಾರ ಅವಳು ಷರತ್ತು ಹಾಕಿ ಮದುವೆಗೆ ಒಪ್ಪಿದಳು. ತನ್ನ ಪೂಜೆಗೆ, ಶರಣರ ಸಂಗಕ್ಕೆ ಅಡ್ಡಿ ಬರಬಾರದೆಂಬುದು ಅದರ ತಿರುಳು. ಅರಸ ಷರತ್ತನ್ನು ಮುರಿದ. ಅವಳು ಅರಮನೆಯನ್ನು ಬಿಟ್ಟು ಹೊರಟಳು. 15ನೇ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮದುವೆಯೇ ನಡೆಯುವುದಿಲ್ಲ.

ಯಾವ ಪಾಠವನ್ನು ಹಿಡಿದರೂ ತಾತ್ಪರ್ಯ ಒಂದೇ. ಕೌಶಿಕ–ಮಹಾದೇವಿಯರಷ್ಟು ವಿರುದ್ಧವಾದ ಜೋಡಿ ಇನ್ನೊಂದಿಲ್ಲ. ಆದರೆ ಅಲ್ಲಿ ಸ್ನೇಹ ಹುಟ್ಟಲು ಎಡೆಯೇ ಇರಲಿಲ್ಲ. ಒಬ್ಬನ ಕೈಯಲ್ಲಿ ಅಧಿಕಾರವಿತ್ತು, ಇನ್ನೊಬ್ಬಳ ಕೈಯಲ್ಲಿ ಬರೀ ಷರತ್ತು. ಇಬ್ಬರೂ ಒಪ್ಪಿದ ನೆಲೆಯೂ ಇರಲಿಲ್ಲ. ಇಂದಿನ ಎಷ್ಟೋ ಸಿನಿಮಾಗಳು ಹೆಣ್ಣಿನ ನಿರಾಕರಣೆಯನ್ನು ‘ಆರಂಭದ ಮುನಿಸು’ ಎಂದು ತೋರಿಸಿ, ನಾಯಕನ ಬೆನ್ನುಹತ್ತುವಿಕೆಯನ್ನು ಪ್ರೇಮವೆಂದು ಬಣ್ಣಿಸುವುದುಂಟು. ಅಂಥ ಕಥೆಗಳನ್ನು ಎಣ್ಣೆ–ಸೀಗೆಕಾಯಿಯ ಒಲವಿನ ಲೆಕ್ಕಕ್ಕೆ ಸೇರಿಸಲಾಗದು. ಬೇಡವೆಂದಾಗ ಬೇಡವೆಂದೇ ಕೇಳಿಸಿಕೊಳ್ಳುವುದು ಗೆಳೆತನದ ಮೊದಲ ಪಾಠ. ಕೌಶಿಕ ಅದನ್ನು ಕಲಿಯಲಿಲ್ಲ.

ಮಾತು ಉಳಿಯದ ವಧೂವರರು

ಕಲ್ಯಾಣದ ಅತ್ಯಂತ ಪ್ರಸಿದ್ಧ ಜೋಡಿಯ ಸಂಗತಿ ಇನ್ನೂ ಬೇರೆ. ಚಮ್ಮಾರ ಕಾಯಕದ ಹರಳಯ್ಯನ ಮಗ ಶೀಲವಂತ ಮತ್ತು ಬ್ರಾಹ್ಮಣ ಮೂಲದ ಮಂತ್ರಿ ಮಧುವರಸನ ಮಗಳು ಲಾವಣ್ಯ ಇವರ ಮದುವೆ ನಡೆಯಿತು. ಎರಡೂ ಮನೆಗಳವರು ಶರಣರಾದ ಮೇಲೆ ಜಾತಿ ಎಲ್ಲಿಯದು ಎಂಬುದು ಮದುವೆ ಮಾಡಿದವರ ನಿಲುವು. ವರ್ಣಸಂಕರವಾಯಿತೆಂದು ಸಂಪ್ರದಾಯಸ್ಥರು ಬಿಜ್ಜಳನಿಗೆ ದೂರಿತ್ತರು. ಹರಳಯ್ಯ, ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಲಾಯಿತೆಂದು ಕಥೆ ಹೇಳುತ್ತದೆ. 1167–68ರ ಸುಮಾರಿಗೆ ಬಿಜ್ಜಳನ ಕೊಲೆಯಾಗಿ, ಶರಣರು ದಿಕ್ಕುಪಾಲಾದರು. ಈ ಮದುವೆಯ ವಿವರಗಳು ಮುಖ್ಯವಾಗಿ ನಂತರದ ವೀರಶೈವ ಪುರಾಣಗಳಿಂದ ಬಂದವು. ಬಸವಕಲ್ಯಾಣದಲ್ಲಿ ಹರಳಯ್ಯನ ಹೆಸರಿನ ಗವಿ ಇಂದಿಗೂ ಯಾತ್ರಿಕರನ್ನು ಸೆಳೆಯುತ್ತದೆ.

ಇಷ್ಟು ದೊಡ್ಡ ಬೆಲೆ ತೆತ್ತ ಮದುವೆಯ ವಧೂವರರು ಒಬ್ಬರಿಗೊಬ್ಬರು ಏನು ಮಾತನಾಡಿದರು? ಪರಂಪರೆ ಒಂದು ಮಾತನ್ನೂ ಉಳಿಸಿಲ್ಲ. ತಂದೆಯರ ತ್ಯಾಗ, ಅರಸನ ಕ್ರೌರ್ಯ, ಶರಣರ ರೋಷ ಎಲ್ಲ ದಾಖಲಾಗಿವೆ. ಹುಡುಗ–ಹುಡುಗಿ ಮೊದಲೇ ಪರಿಚಿತರೇ, ಗೆಳೆಯರೇ, ಒಬ್ಬರನ್ನೊಬ್ಬರು ಬಯಸಿದ್ದರೇ ಎಂದು ಕೇಳಿದರೆ ಪುರಾಣಗಳು ಮೌನ.

ಆಧುನಿಕ ಕನ್ನಡ ನಾಟಕಕಾರರನ್ನು ಕಾಡಿದ್ದು ಈ ಮೌನವೇ. ಪಿ. ಲಂಕೇಶರ ‘ಸಂಕ್ರಾಂತಿ’, 1986ರ ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, 1990ರ ಗಿರೀಶ ಕಾರ್ನಾಡರ ‘ತಲೆದಂಡ’ ಕಲ್ಯಾಣದ ಆ ದಿನಗಳಿಗೆ ಮತ್ತೆಮತ್ತೆ ಹಿಂತಿರುಗಿದವು. ‘ಸಂಕ್ರಾಂತಿ’ಯಲ್ಲಿ ಲಂಕೇಶರು ಬ್ರಾಹ್ಮಣ ಕನ್ಯೆ ಉಷಾ ಮತ್ತು ಕೇರಿಯ ಯುವಕ ರುದ್ರ ಎಂಬ ಜೋಡಿಯನ್ನು ಸೃಷ್ಟಿಸಿದರು. ಉಷಾಳಿಗೆ ಹಿಡಿಸಿದ್ದು ರುದ್ರನ ಒರಟು ಚೈತನ್ಯ. ಅವನು ಶರಣನಾಗಿ ಸಭ್ಯನಾದಾಗ ಅವಳು ಮೆಚ್ಚಿದ ಆ ಕಸುವು ಕಾಣದಂತಾಗುತ್ತದೆ. ಪ್ರೀತಿಸಿದವರನ್ನು ನಮ್ಮಂತೆ ಮಾಡಿಕೊಂಡುಬಿಟ್ಟರೆ ಪ್ರೀತಿಸಲು ಉಳಿಯುವುದೇನು? ವಿರುದ್ಧ ಸ್ವಭಾವಗಳ ಪ್ರೇಮದ ಬಗ್ಗೆ ಕನ್ನಡದಲ್ಲಿ ಕೇಳಿಬಂದ ಕಠಿಣ ಪ್ರಶ್ನೆಗಳಲ್ಲಿ ಇದೂ ಒಂದು. ಲಕ್ಕಮ್ಮ ಮಾರಯ್ಯನನ್ನು ತಿದ್ದಿದಳು, ಆದರೆ ಇನ್ನೊಬ್ಬ ಲಕ್ಕಮ್ಮನನ್ನಾಗಿ ಮಾಡಲಿಲ್ಲ. ಮಾರಯ್ಯ ಮೈಮರೆಯುವ ಮಾರಯ್ಯನಾಗಿಯೇ ಉಳಿದದ್ದರಿಂದ ಅವಳ ಮಾತಿಗೆ ಬೆಲೆ ಉಳಿಯಿತು.

ಹೊರಗಿನ ಲೋಕದಲ್ಲಿ

ಈ ಬಗೆಯ ಕಥೆಯ ಮೋಹ ಕನ್ನಡಿಗರದಷ್ಟೇ ಅಲ್ಲ. ಷೇಕ್ಸ್‌ಪಿಯರ್ 16ನೇ ಶತಮಾನದ ಕೊನೆಗೆ ಬರೆದ ‘ಮಚ್ ಅಡೊ ಅಬೌಟ್ ನಥಿಂಗ್’ ನಾಟಕದ ಬಿಯಾಟ್ರಿಸ್ ಮತ್ತು ಬೆನೆಡಿಕ್ ಮಾತಿಗೆ ಮಾತು ಕೊಡುತ್ತಲೇ ಒಲಿಯುತ್ತಾರೆ. ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ 1813ರಲ್ಲಿ ಬಂತು. ನಗುಮುಖದ ಎಲಿಜಬೆತ್ ಮತ್ತು ಬಿಗುಮಾನದ ಡಾರ್ಸಿ ಇಂದಿಗೂ ಇಂಥ ಜೋಡಿಗಳಿಗೆ ಮಾದರಿ. ಆಕೆಯದೇ ‘ಎಮ್ಮ’, 1815ರ ಕೊನೆಯಲ್ಲಿ ಪ್ರಕಟವಾದದ್ದು, ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಊರವರ ಮದುವೆ ಮಾಡಿಸಲು ಓಡಾಡುವ ಹುಡುಗಾಟದ ಎಮ್ಮಳನ್ನು ತಿದ್ದುವ ಧೈರ್ಯವಿದ್ದವನು ನೆರೆಯ ಗೆಳೆಯ ನೈಟ್ಲಿ ಒಬ್ಬನೇ. ಅವನೇ ತನ್ನವನೆಂದು ಅವಳಿಗೆ ತಿಳಿಯುವುದು ಕಾದಂಬರಿ ಮುಗಿಯುವ ಹೊತ್ತಿಗೆ. ಅಕ್ಕಿಯ ಗಂಟು ಬಿಚ್ಚಿ ಆಕ್ಷೇಪಿಸಿದ ಲಕ್ಕಮ್ಮನ ಬಂಧುವೆಂದೇ ಅವನನ್ನು ಕರೆಯಬಹುದು.

ಮನೋವಿಜ್ಞಾನಿಗಳೂ ಈ ವಿಷಯವನ್ನು ಬಿಟ್ಟಿಲ್ಲ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವುದರಿಂದ ವಿರುದ್ಧ ಸ್ವಭಾವದವರು ಕೂಡುತ್ತಾರೆಂದು ಅಮೆರಿಕದ ರಾಬರ್ಟ್ ವಿಂಚ್ 1950ರ ದಶಕದಲ್ಲಿ ವಾದಿಸಿದ. ಮುಂದಿನ ದಶಕದಲ್ಲಿ ಡಾನ್ ಬರ್ನ್ ನಡೆಸಿದ ಪ್ರಯೋಗಗಳು ಇದಕ್ಕೆ ವಿರುದ್ಧವಾಗಿ, ಸಮಾನ ಅಭಿಪ್ರಾಯವುಳ್ಳವರೇ ಒಬ್ಬರನ್ನೊಬ್ಬರು ಮೆಚ್ಚುತ್ತಾರೆಂದು ತೋರಿಸಿದವು. 2023ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಪ್ರಕಟವಾದ ಕೊಲೊರಾಡೊ ವಿಶ್ವವಿದ್ಯಾಲಯದ ಅಧ್ಯಯನ ಹಿಂದಿನ ನೂರಾರು ಸಂಶೋಧನೆಗಳನ್ನು ಒಟ್ಟುಗೂಡಿಸಿತು. ಶಿಕ್ಷಣ, ಧಾರ್ಮಿಕ ಮತ್ತು ರಾಜಕೀಯ ನಿಲುವು ಮುಂತಾದ ವಿಷಯಗಳಲ್ಲಿ ದಂಪತಿಗಳಿಗೆ ಬಹಳ ಸಾಮ್ಯವಿರುವುದು ಅದರಿಂದ ತಿಳಿಯಿತು. ಆದರೆ ಮಾತುಗಾರರೋ ಮೌನಿಗಳೋ ಎಂಬಂಥ ಸ್ವಭಾವದಲ್ಲಿ ಸಾಮ್ಯ ತೀರಾ ಕಡಿಮೆ. ಮಾತುಗಾರರಿಗೆ ಮಾತುಗಾರರೇ ಸಿಗುತ್ತಾರೆಂಬ ನಿಯಮವೇನೂ ಕಾಣಲಿಲ್ಲ.

ಇದು ಮಹಾಮನೆಯ ಅಂಗಳದ ದಂಪತಿಗಳು ತೋರಿಸಿಕೊಟ್ಟದ್ದಕ್ಕೆ ಹತ್ತಿರದ ಮಾತೇ ಆಗಿದೆ: ಸ್ವಭಾವ ಎರಡಿದ್ದರೂ ನಡೆಯುತ್ತದೆ, ನೆಲೆ ಒಂದಿರಬೇಕು. ಸ್ನೇಹದ ದಾರಿಯೂ ಅಪರೂಪದ್ದಲ್ಲ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಡಾನು ಆಂಥೊನಿ ಸ್ಟಿನ್ಸನ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಸುಮಾರು 1,900 ಜನರ ಮಾಹಿತಿ ಆಧಾರ. ಅವರಲ್ಲಿ ಮೂರನೇ ಎರಡರಷ್ಟು ಜನರ ಪ್ರೇಮ ಆರಂಭವಾದದ್ದು ಗೆಳೆತನದಿಂದಲೇ.

ಗೆಳೆತನಕ್ಕೊಂದು ಜಾಗ

ಆದರೆ ಗೆಳೆತನ ಬೆಳೆಯಲು ಜಾಗ ಬೇಕು. 12ನೇ ಶತಮಾನದ ಕಲ್ಯಾಣದ ವಿಶೇಷ ಅಲ್ಲಿದೆ. ಯಾವ ಕಸುಬಿನವರಾದರೂ, ಗಂಡಾದರೂ ಹೆಣ್ಣಾದರೂ ಎದುರುಬದುರು ಕೂತು ಪ್ರಶ್ನಿಸಬಹುದಾದ ಒಂದು ಸಭೆಯನ್ನು ಪರಂಪರೆ ಅನುಭವ ಮಂಟಪವೆಂದು ಕರೆದು ನೆನೆಯುತ್ತದೆ. ಸಭೆಯಲ್ಲಿ ಆಡಿ ಅಭ್ಯಾಸವಾದ ಮಾತು ಮನೆಗೂ ಬಂತು. ಅಲ್ಲಮಪ್ರಭುವಿನೆದುರು ವಾದಿಸಬಲ್ಲ ಹೆಣ್ಣುಗಳಿದ್ದ ಊರಿನಲ್ಲಿ ಗಂಡನೆದುರು ವಾದಿಸುವುದು ದೊಡ್ಡದಾಗಿ ಕಂಡಿರಲಾರದು.

ಆ ಸಭೆ ಚೆದುರಿದ್ದು ಮಾತಿನಿಂದಲ್ಲ, ಮದುವೆಯಿಂದ ಎಂಬುದನ್ನು ಮರೆಯುವಂತಿಲ್ಲ. ಬೇರೆಬೇರೆ ಹುಟ್ಟಿನವರು ಒಟ್ಟಿಗೆ ಕೂತು ತತ್ತ್ವ ಚರ್ಚಿಸಿದ್ದನ್ನು ಸಹಿಸಿಕೊಂಡ ಸಮಾಜ, ಅವರ ಮಕ್ಕಳು ಒಟ್ಟಿಗೆ ಬಾಳುವುದನ್ನು ಸಹಿಸಲಿಲ್ಲ. ಜಾತಿ–ಮತಗಳ ಭೇದವಿಲ್ಲದೆ ಮದುವೆಯಾಗಲು 1954ರ ವಿಶೇಷ ವಿವಾಹ ಕಾಯ್ದೆ ಅವಕಾಶ ಕೊಟ್ಟಿದೆ. ವಯಸ್ಕರಿಬ್ಬರು ಒಪ್ಪಿದರೆ ಮನೆಯವರ, ಸಮುದಾಯದವರ ಅನುಮತಿ ಬೇಕಾಗಿಲ್ಲವೆಂದು ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ತೀರ್ಪಿತ್ತಿದೆ. ಮರ್ಯಾದೆಯ ಹೆಸರಿನಲ್ಲಿ ನಡೆಯುವ ಹತ್ಯೆಗಳನ್ನು ತಡೆಯಲೆಂದು ನ್ಯಾಯಾಲಯ ಅಂಥ ಮಾತನ್ನು ಹೇಳಬೇಕಾಗಿ ಬಂತೆಂಬುದೇ, ಹರಳಯ್ಯ–ಮಧುವರಸರ ಕಥೆ ಪುರಾಣಗಳಲ್ಲಿ ಮುಗಿದಿಲ್ಲವೆಂಬುದಕ್ಕೆ ಸಾಕ್ಷಿ.

ವಿರುದ್ಧ ಸ್ವಭಾವದ ಗೆಳೆಯರು ಒಲಿಯುವ ಕಥೆಯನ್ನು ಹಗುರ ಮನರಂಜನೆಯೆಂದು ತಳ್ಳಿಹಾಕುವವರಿದ್ದಾರೆ. ಆದರೆ ನಮಗಿಂತ ಭಿನ್ನರಾದವರನ್ನು ಹತ್ತಿರದಿಂದ ಅರಿಯಬಹುದು, ಅವರಿಂದ ತಿದ್ದಿಸಿಕೊಂಡರೂ ಸಣ್ಣವರಾಗುವುದಿಲ್ಲ ಎಂಬ ಭರವಸೆಯನ್ನು ಓದುಗರು ಅದರಲ್ಲಿ ಹುಡುಕುತ್ತಾರೆ. ಕನ್ನಡದಲ್ಲಿ ಆ ಭರವಸೆ ಕೊಟ್ಟವರಲ್ಲಿ ಮೊದಲಿಗರು ಅರಸರಲ್ಲ, ಅಕ್ಕಿ ಆಯ್ದವರು ಮತ್ತು ಸೌದೆ ಹೊತ್ತವರು. ಶೀಲವಂತ–ಲಾವಣ್ಯರಿಗೆ ಅವರಂತೆ ಮುನಿದು, ನಕ್ಕು, ಹಳಬರಾಗುವಷ್ಟು ಕಾಲ ಸಿಕ್ಕಿದ್ದರೆ ಅವರ ಮಾತುಗಳೂ ವಚನಗಳ ಸಂಪುಟದಲ್ಲಿ ಸೇರುತ್ತಿದ್ದವೋ ಏನೋ.